ಮಗ್ಗುಲಾಗಿ ಮಲಗುವವಳು ಕಂಡ ಮೂರು ಬಿಸಿನೆಸ್ ಕ್ಲಾಸ್‌ಗಳು

ವಿಮಾನದ ಸೀಟುಗಳ ಬಗ್ಗೆ ಬರೆಯುವವರೆಲ್ಲ ಅಂಗಾತ ಮಲಗುವವರೇ ಇರಬೇಕು ಅಂತ ನನಗೆ ಬಲವಾದ ಅನುಮಾನ. 'ಪೂರ್ತಿ ಸಮತಟ್ಟಾದ ಹಾಸಿಗೆ, ಆರೂವರೆ ಅಡಿ ಉದ್ದ' ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ನಾನು ಮಗ್ಗುಲಾಗಿ, ಮೊಣಕಾಲು ಮಡಚಿಕೊಂಡು ಮಲಗುವವಳು. ಆ ಉದ್ದ ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಬೇಕಿರುವುದು ಮಂಡಿಯ ಹತ್ತಿರ ಅಗಲ. ಅದನ್ನು ಯಾರೂ ಅಳೆಯುವುದಿಲ್ಲ. ಹಾಗಾಗಿ ನನ್ನ ಕೈಚೀಲದಲ್ಲಿ ಒಂದು ಅಳತೆ ಟೇಪ್ ಇರುತ್ತದೆ. ಅದನ್ನು ಹೊರಗೆ ತೆಗೆದರೆ ಸಾಕು, ನನ್ನ ಗಂಡ ಪರಿಚಯವೇ ಇಲ್ಲದವರಂತೆ ಆ ಕಡೆ ತಿರುಗಿ ಕೂರುತ್ತಾರೆ.

ಲಂಡನ್‌ನಿಂದ ಸಿಡ್ನಿಗೆ ನಾವಿಬ್ಬರೂ ಮೂರು ದಾರಿಯಲ್ಲಿ ಹೋಗಿದ್ದೇವೆ. ದೋಹಾ ಮೂಲಕ ಕತಾರ್ ಏರ್‌ವೇಸ್, ದುಬೈ ಮೂಲಕ ಎಮಿರೇಟ್ಸ್, ಸಿಂಗಪುರದ ಮೂಲಕ ಸಿಂಗಪುರ್ ಏರ್‌ಲೈನ್ಸ್. ಹೆಚ್ಚುಕಡಿಮೆ 17,000 ಕಿಲೋಮೀಟರ್ ದೂರ. ಗಂಡನಿಗೆ ವಿಮಾನ ಅಂದರೆ ಜಾತ್ರೆ. ನನಗೆ ಅದು ಮಲಗುವ ಕೋಣೆ. ಆದ್ದರಿಂದ ಇಲ್ಲಿರುವುದು ನನ್ನೊಬ್ಬಳ ತೀರ್ಪು, ಅವರದ್ದು ಬೇರೆ.

ಸೀಟಿಗಿಂತ ಮೊದಲು ಗಡಿಯಾರದ ಲೆಕ್ಕ ಹಾಕಬೇಕು. ಲಂಡನ್‌ನಿಂದ ದೋಹಾ ಅಥವಾ ದುಬೈಗೆ ಸುಮಾರು ಏಳು ಗಂಟೆ, ಅಲ್ಲಿಂದ ಸಿಡ್ನಿಗೆ ಹದಿನಾಲ್ಕರ ಹತ್ತಿರ. ಸಿಂಗಪುರದ ದಾರಿಯಲ್ಲಿ ಇದು ತಿರುವುಮುರುವು: ಮೊದಲು ಹದಿಮೂರು, ಆಮೇಲೆ ಎಂಟು. ಏಳು ಗಂಟೆಯ ರಾತ್ರಿ ವಿಮಾನ ಹತ್ತಿದರೆ ಊಟ ಮುಗಿಯುವ ಹೊತ್ತಿಗೆ ಎರಡು ಗಂಟೆ ಹೋಗಿರುತ್ತದೆ. ಇಳಿಯುವ ಮುಂಚೆ ಒಂದು ಗಂಟೆ ಇರುವಾಗಲೇ ದೀಪ ಹಾಕುತ್ತಾರೆ. ಉಳಿಯುವುದು ನಾಲ್ಕು ಗಂಟೆ ನಿದ್ದೆ, ಅದೂ ಅದೃಷ್ಟ ಇದ್ದರೆ. ಅಷ್ಟಕ್ಕೆ ಹಾಸಿಗೆ ಎಷ್ಟು ಚೆನ್ನಾಗಿದ್ದರೇನು? ರಾತ್ರಿ ಹೊರಡುವುದಾದರೆ ನನ್ನ ಓಟು ಸಿಂಗಪುರಕ್ಕೆ. ಬೆಳಿಗ್ಗೆ ಹೊರಡುವುದಾದರೆ ಗಲ್ಫ್ ದಾರಿ. ಆಗ ಏಳು ಗಂಟೆ ಸುಮ್ನೆ ಸಿನಿಮಾ ನೋಡಿ, ಹದಿನಾಲ್ಕು ಗಂಟೆಯ ಕಡೆ ಮಲಗಬಹುದು.

ಈಗ ಸೀಟು. ಕತಾರ್‌ನವರ ಕ್ಯೂಸ್ವೀಟ್ ಎಂಬ ಬಿಸಿನೆಸ್ ಕ್ಲಾಸ್ ಸೀಟು 2017ರಲ್ಲಿ ಬಂತು. ಪ್ರತಿ ಸೀಟಿಗೂ ಎಳೆದು ಮುಚ್ಚುವ ಬಾಗಿಲು. ಕೆಲವು ಸಾಲುಗಳಲ್ಲಿ ಮಧ್ಯದ ಎರಡು ಸೀಟುಗಳ ನಡುವಿನ ತಡೆ ಇಳಿಸಿದರೆ ಜೋಡಿ ಹಾಸಿಗೆ ಆಗುತ್ತದೆ. ನಾಲ್ಕು ಜನರ ಕುಟುಂಬವಾದರೆ ಎದುರುಬದುರು ಕೂತು ಹರಟೆ ಹೊಡೆಯಬಹುದು. ಸೀಟುಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಮುಖ ಮಾಡಿರುತ್ತವೆ. ಕಿಟಕಿಗೆ ಅಂಟಿಕೊಂಡ ಸೀಟು ಬೇಕಾದರೆ ಹಿಂದಕ್ಕೆ ಮುಖ ಮಾಡಿದ್ದನ್ನೇ ಹಿಡಿಯಬೇಕು. ಹಿಂಬದಿಗೆ ಹಾರುವುದಾ ಅಂತ ಮೊದಲ ಸಲ ನನಗೆ ಭಯವಿತ್ತು. ವಿಮಾನ ಮೇಲೇರುವಾಗ ಬೆಲ್ಟ್ ಹೊಟ್ಟೆಯನ್ನು ಸ್ವಲ್ಪ ಒತ್ತಿದ್ದು ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಬಾಗಿಲು ಮುಚ್ಚಿಕೊಂಡು ಗೋಡೆ ಕಡೆ ಮುಖ ಹಾಕಿ ಮಲಗಿದವಳಿಗೆ ಎಚ್ಚರವಾದಾಗ ಆರು ಗಂಟೆ ಕಳೆದಿತ್ತು. ಟೇಪ್ ತೆಗೆಯುವುದೇ ಮರೆತುಹೋಗಿತ್ತು.

ಆದರೆ ಹುಷಾರು. ಕತಾರ್ ಟಿಕೆಟ್ ಅಂದರೆ ಕ್ಯೂಸ್ವೀಟ್ ಅಂತಲ್ಲ. ಅವರ ಎ380 ವಿಮಾನದಲ್ಲಿ ಅದು ಇಲ್ಲ. ಅಲ್ಲಿರುವುದು ಬಾಗಿಲಿಲ್ಲದ, ಓರೆಯಾಗಿ ಜೋಡಿಸಿದ ಸೀಟು. ಅದೇನೂ ಕೆಟ್ಟದ್ದಲ್ಲ, ಆದರೆ ಬಾಗಿಲಿಗೆಂದೇ ಕಾಯುತ್ತಿದ್ದವರಿಗೆ ನಿರಾಸೆ ಆಗುತ್ತದೆ. ನಾನಂತೂ ಎ350 ಹುಡುಕುತ್ತೇನೆ. ಅದರ ಒಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ಬೋಯಿಂಗ್ 787ರಲ್ಲೂ ಅಷ್ಟೇ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೂ ಇಳಿಯುತ್ತದೆ. ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಹದಿನಾಲ್ಕು ಗಂಟೆಯ ನಂತರ ನನ್ನ ತಲೆಗೆ ಮಾತ್ರ ಚಿಕ್ಕದಲ್ಲ.

ಎಮಿರೇಟ್ಸ್‌ನ ಎ380 ನನ್ನ ಗಂಡನ ಸ್ವರ್ಗ. ಬಿಸಿನೆಸ್ ಕ್ಲಾಸ್ ಮೇಲಿನ ಮಹಡಿಯಲ್ಲಿ, ಅದರ ಹಿಂಬದಿಯಲ್ಲಿ ನಿಂತು ಮಾತಾಡಲು ಬಾರ್. ಅಲ್ಲಿಗೆ ಹೋದ ಮನುಷ್ಯ ಮೂರು ಗಂಟೆ ವಾಪಸ್ ಬರಲಿಲ್ಲ. ಬಂದಾಗ ಆಸ್ಟ್ರೇಲಿಯಾದ ಇಬ್ಬರು ಕುರಿ ಸಾಕುವವರ ಕುಟುಂಬದ ಕಥೆಯೆಲ್ಲ ಅವರ ಬಾಯಲ್ಲಿತ್ತು. ಎ380 ಎಷ್ಟು ನಿಶ್ಶಬ್ದ ಅಂದರೆ ಹಿಂದಿನ ಸೀಟಿನವರ ಗೊರಕೆಯೂ ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ಪ್ರತಿ ಸೀಟಿನಿಂದಲೂ ಓಡಾಡುವ ಓಣಿಗೆ ನೇರ ದಾರಿ ಇದೆ, ಯಾರನ್ನೂ ದಾಟಿ ಹೋಗಬೇಕಿಲ್ಲ. ಸೀಟುಗಳನ್ನು ಒಂದರ ಹಿಂದೆ ಒಂದು ಸ್ವಲ್ಪ ಪಕ್ಕಕ್ಕೆ ಸರಿಸಿ ಇಟ್ಟಿದ್ದಾರೆ. ಇಂಥ ಜೋಡಣೆಯಲ್ಲಿ ನಮ್ಮ ಪಾದ ಹೋಗುವುದು ಮುಂದಿನವರ ಪಕ್ಕದ ಮೇಜಿನ ಕೆಳಗಿನ ಗೂಡಿಗೆ. ಅಂಗಾತ ಮಲಗುವವರಿಗೆ ಅದು ಸಾಕು. ನನ್ನಂಥವರು ಮಗ್ಗುಲು ಬದಲಿಸಬೇಕಾದರೆ ಮೊದಲು ಕಾಲನ್ನು ಗೂಡಿನಿಂದ ಹೊರಗೆ ಎಳೆದುಕೊಳ್ಳಬೇಕು. ಇನ್ನೊಂದು ಮಾತು: ಎಮಿರೇಟ್ಸ್‌ನ ಹಳೆಯ ಬೋಯಿಂಗ್ 777ಗಳಲ್ಲಿ ಜೋಡಣೆ 2-3-2, ಕಿಟಕಿ ಕಡೆ ಎರಡೆರಡು, ನಡುವೆ ಮೂರು ಸೀಟು. ಅಂದರೆ ಬಿಸಿನೆಸ್ ಕ್ಲಾಸ್‌ನಲ್ಲೂ ಮಧ್ಯದ ಸೀಟು! ಬುಕ್ ಮಾಡುವಾಗ ಸೀಟಿನ ನಕ್ಷೆ ನೋಡಿ.

ಸಿಂಗಪುರ್ ಏರ್‌ಲೈನ್ಸ್‌ನ 777-300ಇಆರ್ ಸೀಟು ಸೋಫಾದಷ್ಟು ಅಗಲ, 28 ಇಂಚು. ಚಕ್ಕಳಮಕ್ಕಳ ಹಾಕಿ ಕೂರಬಹುದು. ಅದು ಹಾಸಿಗೆ ಆಗುವ ರೀತಿ ಮಾತ್ರ ಬೇರೆ. ಎದ್ದು ನಿಂತು, ಒರಗುವ ಭಾಗವನ್ನು ಮುಂದಕ್ಕೆ ಮಗುಚಬೇಕು. ಅದರ ಬೆನ್ನಲ್ಲಿ ಹಾಸಿಗೆ ಇರುತ್ತದೆ. ಸುಮ್ನೆ ಗುಂಡಿ ಒತ್ತಿ ಅರ್ಧ ಒರಗಿ ಹಾಗೇ ನಿದ್ದೆಗೆ ಜಾರುವ ಅಭ್ಯಾಸದವರಿಗೆ ಇದು ಹಿಡಿಸುವುದಿಲ್ಲ. ನನಗೆ ಹಿಡಿಸಿತು, ಗಟ್ಟಿಯಾದ ಸಮ ಹಾಸಿಗೆ. ಆದರೆ ಕಾಲು ಒಂದು ಮೂಲೆಯ ಗೂಡಿಗೆ ಹೋಗುವುದರಿಂದ ಓರೆಯಾಗಿ ಮಲಗಬೇಕು. ಇದಕ್ಕೆ ಒಂದು ಉಪಾಯ ಇದೆ. 11 ಅಥವಾ 19ನೇ ಸಾಲು ಹಿಡಿಯಿರಿ. ಮುಂದೆ ಬೇರೆ ಸೀಟಿಲ್ಲ, ಗೋಡೆ. ಅದಕ್ಕೇ ಕಾಲಿಡುವ ಜಾಗ ಸೀಟಿನಷ್ಟೇ ಅಗಲ. ನಾನು ಟೇಪ್ ಹಿಡಿದು ನೋಡಿ, ಸಮಾಧಾನದಿಂದ ಮಡಚಿ ಒಳಗಿಟ್ಟೆ.

ಇಷ್ಟೆಲ್ಲ ನಕ್ಷೆ ನೋಡಿದರೂ ಒಮ್ಮೆ ಏಟು ತಿಂದಿದ್ದೇನೆ. ಯಾವ ಕಂಪನಿ ಅಂತ ಬೇಡ. ಬಾಗಿಲಿರುವ ಸೀಟು ಆರಿಸಿ ತಿಂಗಳುಗಟ್ಟಲೆ ಖುಷಿಯಾಗಿದ್ದೆ. ಗೇಟಿಗೆ ಹೋದರೆ ವಿಮಾನವೇ ಬದಲಾಗಿತ್ತು. ಎರಡೆರಡು ಸೀಟು ಅಂಟಿಕೊಂಡ ಹಳೆಯ ಜೋಡಣೆ. ನಾನು ಕಿಟಕಿ ಕಡೆ, ಪಕ್ಕದಲ್ಲಿ ಗಾಢ ನಿದ್ದೆಯ ಅಪರಿಚಿತರು. ಶೌಚಾಲಯಕ್ಕೆ ಹೋಗಲು ಅವರ ಕಾಲಿನ ಮೇಲೆ ಹೈಜಂಪ್ ಮಾಡಬೇಕಾಯಿತು. ದುಡ್ಡು ವಾಪಸ್ ಕೇಳಿದರೆ 'ನೀವು ಬಿಸಿನೆಸ್ ಕ್ಲಾಸ್‌ನಲ್ಲೇ ಇದ್ದೀರಲ್ಲ ಮೇಡಂ' ಅಂದರು. ಅವರ ಮಾತಲ್ಲಿ ಕಾನೂನಿನ ತಪ್ಪಿಲ್ಲ. ಯುರೋಪಿನ ನಿಯಮದ ಪ್ರಕಾರ 3,500 ಕಿಲೋಮೀಟರ್‌ಗಿಂತ ಜಾಸ್ತಿ ದೂರದ ಇಂಥ ಪ್ರಯಾಣದಲ್ಲಿ ಕೆಳಗಿನ ಕ್ಲಾಸಿಗೆ ತಳ್ಳಿದರೆ ಟಿಕೆಟ್ ಬೆಲೆಯ 75% ವಾಪಸ್ ಕೊಡಬೇಕು. ಒಳ್ಳೆಯ ಸೀಟಿನಿಂದ ಕೆಟ್ಟ ಸೀಟಿಗೆ ಹಾಕಿದರೆ ಅದು ಕ್ಲಾಸ್ ಬದಲಾದಂತೆ ಅಲ್ಲ. ಅಂದಿನಿಂದ ಹೊರಡುವ ಹಿಂದಿನ ದಿನ ನಕ್ಷೆಯನ್ನು ಮತ್ತೊಮ್ಮೆ ತೆರೆದು ನೋಡುತ್ತೇನೆ. ನನ್ನ ಸೀಟಿನ ನಂಬರ್ ತಾನಾಗಿ ಬದಲಾಗಿದ್ದರೆ ವಿಮಾನ ಬದಲಾಗಿರಬಹುದು ಅಂತ ಅರ್ಥ, ಆಗಲೇ ಫೋನ್ ಮಾಡುತ್ತೇನೆ.

ಮುಂದಿನ ಪ್ರಯಾಣಕ್ಕೆ ಮನೆಯಲ್ಲಿ ಜಗಳ ನಡೆದು ರಾಜಿ ಆಗಿದೆ. ಹೋಗುವಾಗ ಸಿಂಗಪುರ, ರಾತ್ರಿ ವಿಮಾನ, ನನಗೆ 11ನೇ ಸಾಲು. ಬರುವಾಗ ದುಬೈ, ಮೇಲಿನ ಮಹಡಿ. ಅವರಿಗೆ ಬಾರ್ ಪಕ್ಕದ ಕೊನೆಯ ಸಾಲು. ನನಗೆ ಅಲ್ಲಿಂದ ಎಷ್ಟು ದೂರ ಸಿಗುತ್ತದೋ ಅಷ್ಟು ದೂರ.