ಮಗಳು ಮೂರು ವರ್ಷ ಓದಿದ್ದಾಳೆ, ಈಗ ಮಗ ಸೇರಿದ್ದಾನೆ: ನಮ್ಮೂರಿನ ಸರ್ಕಾರಿ ಪ್ರೌಢಶಾಲೆ ಹೇಗಿದೆ?

ಮಗಳ ಒಂಬತ್ತನೇ ತರಗತಿಯ ಗಣಿತದ ನೋಟ್ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಇನ್ನೂರು ಪುಟದ್ದು. ಮೊದಲ ಇಪ್ಪತ್ತೆರಡು ಪುಟ ಅಚ್ಚುಕಟ್ಟಾಗಿ ಬರೆದಿದ್ದಾಳೆ. ಅಂಚಿಗೆ ಕೆಂಪು ಗೆರೆ, ಪುಟದ ತಲೆಯಲ್ಲಿ ದಿನಾಂಕ, ಅಲ್ಲಲ್ಲಿ ಟೀಚರ್ ಸಹಿ. ಸಂಖ್ಯಾ ಪದ್ಧತಿಯ ಪಾಠ ಮುಗಿದಿದೆ. ಕೊನೆಯ ದಿನಾಂಕ 14-7-2023. ಅಲ್ಲಿಂದ ಮುಂದೆ ಎರಡು ಪುಟ ಖಾಲಿ, ಮೂರನೇ ಪುಟದಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಛತ್ರಿ. ಮತ್ತೆ ಲೆಕ್ಕ ಕಾಣಿಸುವುದು 20-11-2023ಕ್ಕೆ. ನಡುವಿನ ನಾಲ್ಕು ತಿಂಗಳು ಆ ಶಾಲೆಯಲ್ಲಿ ಗಣಿತಕ್ಕೆ ಯಾರೂ ಇರಲಿಲ್ಲ.

ಈ ಶಾಲೆಗೆ ಮಕ್ಕಳನ್ನು ಸೇರಿಸಬಹುದಾ ಅಂತ ವರ್ಷಕ್ಕೆ ಐದಾರು ಮಂದಿಯಾದರೂ ನನ್ನನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಶಾಲೆಯ ಹೆಸರು ಹಾಕುತ್ತಿಲ್ಲ. ದಕ್ಷಿಣ ಕೊಡಗಿನದ್ದು, ಎಂಟರಿಂದ ಹತ್ತರವರೆಗೆ ಇದೆ, ಕನ್ನಡ ಮಾಧ್ಯಮ. ಕಟ್ಟಡ, ಮೈದಾನ ಎಲ್ಲ ರಸ್ತೆಯಿಂದಲೇ ಕಾಣುತ್ತದೆ, ಅದನ್ನು ನಾನು ಹೇಳಬೇಕಾಗಿಲ್ಲ.

ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವವನು. ಮಗಳು ಏಳನೇ ತರಗತಿವರೆಗೆ ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಿದ್ದಳು. ಫೀಸು, ವ್ಯಾನು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಐವತ್ತೆರಡು ಸಾವಿರ ಆಗುತ್ತಿತ್ತು. ಅವಳ ತಮ್ಮನೂ ಅಲ್ಲೇ ಸೇರಿದ ಮೇಲೆ ನಮ್ಮ ಕೈ ಮೀರಿತು. 2022ರ ಜೂನ್‌ನಲ್ಲಿ ಟಿಸಿ ತಂದು ಎಂಟನೇ ತರಗತಿಗೆ ಇಲ್ಲಿ ಸೇರಿಸಿದೆ. ಸಂತೋಷದಿಂದ ಸೇರಿಸಿದ್ದಲ್ಲ, ನನ್ನ ಹೆಂಡತಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಮೊದಲ ವರ್ಷ ಮನಸ್ಸು ಗೆದ್ದದ್ದು ಒಂದು ಸಣ್ಣ ವಿಷಯ, ಚಪ್ಪಲಿ. ಕೊಡಗಿನ ಮಳೆಯಲ್ಲಿ ಮಕ್ಕಳನ್ನು ಸಾಕಿದವರಿಗೆ ಇದು ಅರ್ಥವಾಗುತ್ತದೆ. ಹಳೆಯ ಶಾಲೆಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲೂ ಕಪ್ಪು ಶೂ, ಬಿಳಿ ಕಾಲುಚೀಲ ಕಡ್ಡಾಯ. ರಾತ್ರಿಯಿಡೀ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೂ ಬೆಳಿಗ್ಗೆ ಹಸಿ ಹಸಿ, ಹೊಗೆ ವಾಸನೆ. ಮಗಳ ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದು ಚರ್ಮ ಸುಲಿಯುತ್ತಿತ್ತು. ಇಲ್ಲಿ ಮೊದಲ ವಾರವೇ ಎಚ್‌ಎಂ (ಮುಖ್ಯ ಶಿಕ್ಷಕರು) ಪ್ರಾರ್ಥನೆ ಮುಗಿಸಿ ಹೇಳಿದರಂತೆ, "ಸೆಪ್ಟೆಂಬರ್ ಮುಗಿಯೋ ತನಕ ಎಲ್ಲರೂ ಚಪ್ಪಲಿ ಹಾಕ್ಕೊಂಡು ಬನ್ನಿ. ಬ್ಯಾಗಲ್ಲಿ ಒಂದು ಜೊತೆ ಒಣಗಿದ ಬಟ್ಟೆ ಇರ್ಲಿ." ಜಗಲಿಯ ಕಂಬಗಳಿಗೆ ಹಗ್ಗ ಕಟ್ಟಿರುತ್ತಾರೆ. ಬಂದವರು ಛತ್ರಿ ಬಿಡಿಸಿ ಗೋಡೆ ಪಕ್ಕ ಸಾಲಾಗಿ ಇಡುತ್ತಾರೆ, ರೈನ್‌ಕೋಟ್ ಹಗ್ಗಕ್ಕೆ ಹಾಕುತ್ತಾರೆ, ಕಾಲು ತೊಳೆದು ಗೋಣಿಚೀಲದ ಮೇಲೆ ಒರೆಸಿ ಒಳಗೆ ಹೋಗುತ್ತಾರೆ. ತೀರಾ ನೆಂದು ಬಂದವರನ್ನು ಬಿಸಿಯೂಟದ ಅಕ್ಕ ಅಡುಗೆ ಕೋಣೆ ಬಾಗಿಲ ಹತ್ತಿರ ನಿಲ್ಲಿಸಿ ಕೈಗೆ ಬಿಸಿ ಹಾಲು ಕೊಡುತ್ತಾರೆ. 2024ರಿಂದ ರಾಗಿ ಮಾಲ್ಟ್ ಕೂಡ ಬಂತು. ಮಗಳು ಮನೆಯಲ್ಲಿ ರಾಗಿ ಮುಟ್ಟದವಳು, ಅಲ್ಲಿ ಎರಡನೇ ಸಲ ಲೋಟ ಹಿಡಿಯುತ್ತಿದ್ದಳು. ಮೊಟ್ಟೆಯೂ ಒಂಬತ್ತು, ಹತ್ತನೆಯವರಿಗೆ ಸಿಗುತ್ತದೆ. ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲುಮನೆ) ಬರಿಹೊಟ್ಟೆಯಲ್ಲಿ ಏಳೂವರೆಗೆ ಹೊರಡುವ ಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ನಾನು ದಿನವೂ ನೋಡುತ್ತೇನೆ.

ಹೀಗೆ ಒಂದು ವರ್ಷ ಹಾಯಾಗಿ ಕಳೆಯಿತು. 2023ರಲ್ಲಿ ವರ್ಗಾವಣೆ ಬಂತು. ಗಣಿತದ ಟೀಚರ್ ಕೌನ್ಸೆಲಿಂಗ್‌ನಲ್ಲಿ ತಮ್ಮ ಊರಿನ ಕಡೆ ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ. ಎಷ್ಟೋ ವರ್ಷ ಬಾಡಿಗೆ ಮನೆಯಲ್ಲಿ ಮಳೆ, ಜಿಗಣೆ, ಕರೆಂಟಿಲ್ಲದ ರಾತ್ರಿ ಎಲ್ಲ ಸಹಿಸಿ ಪಾಠ ಮಾಡಿದವರು. ಆದರೆ ಅವರು ಹೋದ ಜಾಗಕ್ಕೆ ಯಾರೂ ಬರಲಿಲ್ಲ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ಇತ್ತು. ಕೊಡುವ ಗೌರವಧನಕ್ಕೆ ಬಿಎಸ್ಸಿ, ಬಿಎಡ್ ಆದವರು ಪೇಟೆಯಿಂದ ಎರಡು ಬಸ್ಸು ಹತ್ತಿ ಇಲ್ಲಿಗೆ ಯಾಕೆ ಬರುತ್ತಾರೆ? ಬಂದ ಒಬ್ಬರು ಒಂಬತ್ತು ದಿನ ಇದ್ದು ಹೋದರು.

ನಾವು ನಾಲ್ಕು ಅರ್ಜಿ ಕೊಟ್ಟೆವು. ಮೇಲಿನ ಕಚೇರಿಯಲ್ಲಿ ಪ್ರತಿ ಸಲವೂ ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟರು. ಮೂರನೇ ಸಲ ಹೋದಾಗ ಲೈನ್ ಮನೆಯ ಒಬ್ಬ ತಾಯಿಯೂ ಜೊತೆಗೆ ಬಂದಿದ್ದರು, ಒಂದು ದಿನದ ಕೂಲಿ ಬಿಟ್ಟು. ಮೆಟ್ಟಿಲಿಳಿಯುವಾಗ ಅವರು ಕೇಳಿದರು, "ರೈಟ್ರೇ, ನಮ್ಮ ಹುಡುಗಿ ಲೆಕ್ಕದಲ್ಲಿ ಚುರುಕು ಅಂತ ಮೇಷ್ಟ್ರು ಹೇಳಿದ್ರು. ಈಗ ಅದು ಹಾಗೇ ಹೋಗ್ತದಾ?" ನಾನು ಉತ್ತರ ಕೊಡಲಿಲ್ಲ. ಆ ದಿನ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ ನಾಲ್ಕು ತಿಂಗಳು ಗಣಿತದ ಪೀರಿಯಡ್‌ನಲ್ಲಿ ಹಿಂದಿ ಟೀಚರ್ ಬಂದು ಕೂರುತ್ತಿದ್ದರು, ಇಲ್ಲವೇ ಮಕ್ಕಳನ್ನು ಮೈದಾನಕ್ಕೆ ಬಿಡುತ್ತಿದ್ದರು. ಮಗಳು ಮನೆಗೆ ಬಂದು ತುಂಬ ಖುಷಿಯಲ್ಲಿ "ಇವತ್ತೂ ಥ್ರೋಬಾಲ್" ಅನ್ನುತ್ತಿದ್ದಳು. ನಾನು ರಾತ್ರಿ ತೋಟದ ಚೆಕ್‌ರೋಲ್ (ಕೂಲಿ ಹಾಜರಿ ಪುಸ್ತಕ) ಬರೆದು ಮುಗಿಸಿ ಅವಳ ಪಕ್ಕ ಕೂತು ಬಹುಪದೋಕ್ತಿ ಹೇಳಿಕೊಡಲು ನೋಡಿದೆ. ಕೂಲಿ ಲೆಕ್ಕ, ಕಿಲೋ ಲೆಕ್ಕ ನನಗೆ ಬಾಯಿಪಾಠ. ಇದು ಬರಲಿಲ್ಲ.

ಶಾಲೆಯನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಅಳೆಯುವವರಿಗೆ ಒಂದು ಮಾತು. ನಮ್ಮ ಶಾಲೆಯ ಹತ್ತನೇ ತರಗತಿಯಲ್ಲಿ ಇದ್ದದ್ದೇ 27 ಮಕ್ಕಳು. ಒಬ್ಬ ಅನುತ್ತೀರ್ಣನಾದರೆ ಶೇಕಡ 96.3, ಮೂವರಾದರೆ 88.9. ಒಂದು ಮನೆಯಲ್ಲಿ ಕಾಯಿಲೆ ಬಂದರೆ ಸಾಕು, ಶಾಲೆಯ ಅಂಕಿ ಬದಲಾಗುತ್ತದೆ. ಇಡೀ ರಾಜ್ಯದ ಅಂಕಿಯೂ ಹಾಗೆ ಏರಿಳಿಯುತ್ತದೆ. 2023ರಲ್ಲಿ ಶೇ. 83.89 ಇದ್ದದ್ದು, ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಬಂತು. ಆದ್ದರಿಂದ ಬೋರ್ಡಿಗೆ ಬರೆದ "ಶೇ. 100" ನೋಡಿ ಮರುಳಾಗಬೇಡಿ, 80 ನೋಡಿ ಹೆದರಲೂ ಬೇಡಿ. ಸೇರಿಸುವ ಮೊದಲು ಆ ಶಾಲೆಯಲ್ಲೇ ಓದುತ್ತಿರುವ ಯಾರದ್ದಾದರೂ ಮನೆಗೆ ಹೋಗಿ, ಒಂಬತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನದ ನೋಟ್ಸ್ ಕೇಳಿ, ದಿನಾಂಕ ನೋಡಿ. ಹತ್ತನೆಯದು ಬೇಡ, ಹತ್ತಕ್ಕೆ ಎಲ್ಲ ಶಾಲೆಯೂ ಓಡುತ್ತದೆ. ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಕಾಯಂ ಇರುವವರು ಎಷ್ಟು ಅಂತ ಎಚ್‌ಎಂ ಹತ್ತಿರವೇ ಕೇಳಿ. ನಮ್ಮ ಎಚ್‌ಎಂ ಮುಚ್ಚಿಡದೆ ಹೇಳಿದರು.

ನವೆಂಬರ್‌ನಲ್ಲಿ ಹೊಸ ಗಣಿತದ ಟೀಚರ್ ಬಂದರು. ಮೊದಲ ದಿನವೇ ಎಲ್ಲರ ನೋಟ್ ಪುಸ್ತಕ ತರಿಸಿ ನೋಡಿದರಂತೆ. ಬೈಯಲಿಲ್ಲ. ಖಾಲಿ ಬಿಟ್ಟಲ್ಲಿಂದಲೇ ಬರೆಯಿರಿ, ಹೊಸ ಪುಸ್ತಕ ಬೇಡ ಅಂದರಂತೆ. ಮಗಳ ಛತ್ರಿಯ ಚಿತ್ರದ ಎದುರು ಪುಟದಲ್ಲೇ ಬಹುಪದೋಕ್ತಿ ಶುರುವಾಗುತ್ತದೆ. ಆ ವರ್ಷ ಶನಿವಾರ ಮಧ್ಯಾಹ್ನವೂ ಅವರು ಇರುತ್ತಿದ್ದರು. ಹತ್ತನೇ ತರಗತಿಯಲ್ಲಿ, 2024ರ ಜುಲೈನಲ್ಲಿ, ಮಳೆ ರಜೆ ಮೇಲೆ ಮಳೆ ರಜೆ. ಸಂಜೆಯಾದರೆ ಜಿಲ್ಲಾಧಿಕಾರಿಗಳ ಆದೇಶ ವಾಟ್ಸಾಪ್‌ಗೆ ಬರುತ್ತಿತ್ತು. ಟೀಚರ್ ಮರುದಿನ ಬೆಳಿಗ್ಗೆ ಐದು ಲೆಕ್ಕ ಬರೆದು ಫೋಟೋ ಕಳಿಸುತ್ತಿದ್ದರು. ಸಿಗ್ನಲ್ ಇಲ್ಲದ ಮನೆಯವರಿಗೆ ನಮ್ಮ ಮಗಳು ಚೀಟಿಯಲ್ಲಿ ಬರೆದು ಹಾಲಿನ ಡೈರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು.

ಸಂಜೆಯ ವಿಶೇಷ ತರಗತಿ ಮಾತ್ರ ನಮ್ಮ ಕಡೆ ಸುಲಭವಲ್ಲ. ಐದೂವರೆಗೆ ಬಿಟ್ಟರೆ ತೋಟದ ರಸ್ತೆಯಲ್ಲಿ ಆನೆ ಇರಬಹುದು. ಟೀಚರ್ ಅದನ್ನೂ ಬದಲಾಯಿಸಿದರು, ಬೆಳಿಗ್ಗೆ ಎಂಟೂವರೆಗೆ ತರಗತಿ. ಆನೆ ಎಲ್ಲಿದೆ ಅಂತ ತಿಳಿಸುವ ಅರಣ್ಯ ಇಲಾಖೆಯವರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ನೋಡಿಕೊಂಡು ನಾನು ಜೀಪಿನಲ್ಲಿ ಆರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಕಾಫಿ ಕುಯ್ಲಿನ ಜನವರಿಯಲ್ಲಿ ತೋಟದ ಕೆಲಸ ಎಷ್ಟಿದ್ದರೂ ಇದನ್ನು ತಪ್ಪಿಸಲಿಲ್ಲ.

ಮಗಳಿಗೆ 2025ರಲ್ಲಿ ಗಣಿತದಲ್ಲಿ 68 ಬಂತು, ಒಟ್ಟು 625ಕ್ಕೆ 491. ಕನ್ನಡಕ್ಕೆ 121. ಆ ನಾಲ್ಕು ತಿಂಗಳು ಪಾಠ ನಡೆದಿದ್ದರೆ 68 ಎಲ್ಲಿಗೆ ಹೋಗುತ್ತಿತ್ತೋ ಅಂತ ಈಗಲೂ ಲೆಕ್ಕ ಹಾಕುತ್ತೇನೆ. ಪರೀಕ್ಷೆ-1ರಲ್ಲಿ ಗಣಿತ ಹೋದ ಇಬ್ಬರನ್ನು ಟೀಚರ್ ಮೇ ತಿಂಗಳಿಡೀ ಕೂರಿಸಿ ಪರೀಕ್ಷೆ-2ರಲ್ಲಿ ದಾಟಿಸಿದರು. ಲೆಕ್ಕದಲ್ಲಿ ಚುರುಕಿದ್ದ ಆ ಲೈನ್ ಮನೆ ಹುಡುಗಿ ಎಂಟನೆಯಲ್ಲೇ ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ) ಬರೆದು ಆಯ್ಕೆಯಾಗಿದ್ದಳು. ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ. ಅನುದಾನವಿಲ್ಲದ ಖಾಸಗಿ ಶಾಲೆಗೆ ಹಾಕಿದರೆ ಆ ಪರೀಕ್ಷೆ ಬರೆಯಲು ಆಗುವುದಿಲ್ಲ, ಇದು ಹಲವು ತಂದೆತಾಯಿಗಳಿಗೆ ಗೊತ್ತಿಲ್ಲ.

ಮಾಧ್ಯಮ ಬದಲಾಯಿಸುವವರು ಮೊದಲ ಆರು ತಿಂಗಳಿಗೆ ತಯಾರಾಗಿರಿ. ದ್ಯುತಿಸಂಶ್ಲೇಷಣೆ ಅನ್ನುವ ಪದ ನೋಡಿ ಮಗಳು ಅತ್ತಿದ್ದಳು. ಒಂದು ಸಣ್ಣ ಪುಸ್ತಕದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತಾ ಹೋದೆವು. ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಅದೇ ಪುಸ್ತಕ ತಿರುಗಿಸಿ ಉಪಯೋಗಕ್ಕೆ ಬಂತು. ಇನ್ನು ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ಯರವ ಮಾತಾಡುವ ಮಕ್ಕಳೆಲ್ಲ ಇದ್ದಾರೆ, ಈಚೆಗೆ ಅಸ್ಸಾಮಿನವರೂ. ಕಾಗದಪತ್ರ ಪೂರ್ತಿ ಇಲ್ಲದೆ ಬಂದ ಒಬ್ಬ ಹುಡುಗನನ್ನೂ ಎಚ್‌ಎಂ ಹೊರಗೆ ನಿಲ್ಲಿಸಲಿಲ್ಲ.

ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ಒಳಗಿರುವವರಿಗೆ ಐದೂ ಕೊಡುತ್ತೇನೆ, ಹುದ್ದೆ ಖಾಲಿ ಬಿಟ್ಟ ವ್ಯವಸ್ಥೆಗೆ ಒಂದು. ಮನೆಯಲ್ಲಿ ದಿನ ಅರ್ಧ ಗಂಟೆ ಮಗುವಿನ ಪುಸ್ತಕ ತೆರೆದು ನೋಡುವವರು ಧೈರ್ಯವಾಗಿ ಸೇರಿಸಿ. ಅಷ್ಟು ಬಿಡುವು ಇಲ್ಲದವರು ಶಾಲೆಯ ಹತ್ತಿರವೇ ಇರುವ ಯಾರಾದರೂ ದೊಡ್ಡ ಹುಡುಗಿ ಅಥವಾ ಹುಡುಗನ ಜೊತೆ ಓದಲು ಕೂರಿಸುವ ಏರ್ಪಾಡು ಮಾಡಿಕೊಂಡೇ ಸೇರಿಸಿ.

ಮಗ ಈಗ ಎಂಟನೆಯಲ್ಲಿ. ಹಗ್ಗ, ಛತ್ರಿ ಸಾಲು, ಬಿಸಿ ಹಾಲು ಎಲ್ಲ ಹಾಗೇ ಇದೆ. ಗಣಿತದ ಟೀಚರೂ ಇದ್ದಾರೆ. ಮುಂದಿನ ವರ್ಗಾವಣೆಗೆ ಅವರೂ ಅರ್ಜಿ ಹಾಕಬಹುದು ಅಂತ ಕೇಳಿದೆ. ಹಾಕಲಿ, ಅವರಿಗೂ ಮನೆಯಿದೆ, ವಯಸ್ಸಾದ ತಾಯಿಯಿದ್ದಾರೆ. ಹಳೆಯ ನಾಲ್ಕು ಅರ್ಜಿಗಳ ನಕಲು ಮುದ್ರೆ ಸಮೇತ ಫೈಲಿನಲ್ಲಿ ಇಟ್ಟಿದ್ದೇನೆ. ಈ ಸಲ ಹುದ್ದೆ ಖಾಲಿಯಾಗುವ ಮೊದಲೇ ಐದನೆಯದನ್ನು ಕೊಡಬೇಕು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿದ್ದೇನೆ. ಹದಿನೆಂಟು ಮಂದಿ ಸಹಿ ಹಾಕಿದ್ದಾರೆ.