ಕಾರಿನ ಮುಂದಿನ ಗಾಜು ಬದಲಾಯಿಸಿದ್ದೀರಾ? ಟೋಲ್‌ಗೆ ಹೋಗುವ ಮೊದಲು ಕನ್ನಡಿ ಹಿಂದೆ ಒಮ್ಮೆ ಇಣುಕಿ ನೋಡಿ

ಇದನ್ನು ಬರೆಯಲಿಕ್ಕೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ತಪ್ಪು ಪೂರ್ತಿ ನನ್ನದು. ಆದರೆ ಮೊನ್ನೆ ಆಫೀಸಿನಲ್ಲಿ ಈ ಕಥೆ ಹೇಳಿದಾಗ ಇಬ್ಬರು ಚಾ ಅರ್ಧಕ್ಕೇ ಬಿಟ್ಟು, ಪಾರ್ಕಿಂಗ್‌ಗೆ ಹೋಗಿ ತಮ್ಮ ಕಾರಿನ ಗಾಜಿನ ಮೇಲೆ ಫಾಸ್ಟ್ಯಾಗ್ (ಟೋಲ್ ದುಡ್ಡು ತಾನಾಗಿಯೇ ಕಟ್ ಆಗುವ ಸ್ಟಿಕ್ಕರ್) ಉಂಟಾ ಅಂತ ನೋಡಿ ಬಂದರು. ಹಾಗಾಗಿ ನಗೋದಾದರೆ ನಗಿ, ಓದದೆ ಮಾತ್ರ ಬಿಡಬೇಡಿ.

2025ರ ನವೆಂಬರ್ ಕೊನೆಯ ಭಾನುವಾರ. ಉಡುಪಿಯಲ್ಲಿ ಅತ್ತಿಗೆಯ ತಮ್ಮನ ಮದುವೆ. ನಮ್ಮ ಕಡೆಯ ಮದುವೆ ಅಂದರೆ ಗೊತ್ತಲ್ವಾ, ಅಭಿಜಿನ್ ಮುಹೂರ್ತ, ಮಧ್ಯಾಹ್ನ 12.20ಕ್ಕೆ. ಹೆಂಡತಿ ಮತ್ತು ಮಗ ಹಿಂದಿನ ದಿನವೇ ಬಸ್ಸಲ್ಲಿ ಹೋಗಿದ್ದರು. ನಾನು ಅಮ್ಮನನ್ನು ಕರೆದುಕೊಂಡು ಹತ್ತೂವರೆಗೆ ಮಂಗಳೂರು ಬಿಟ್ಟೆ. ಆರಾಮದಲ್ಲಿ ತಲುಪುವಷ್ಟು ಸಮಯ ಇತ್ತು.

ಅದಕ್ಕೆ ಹತ್ತು ದಿನ ಮೊದಲು ಬೈಕಂಪಾಡಿ ಹತ್ತಿರ ಮುಂದಿನ ಲಾರಿಯ ಟಯರಿನಿಂದ ಒಂದು ಜಲ್ಲಿ ಕಲ್ಲು ಹಾರಿ ನನ್ನ ಕಾರಿನ ಗಾಜಿಗೆ ಬಿದ್ದಿತ್ತು. ಮೊದಲು ಸಣ್ಣ ಚುಕ್ಕೆ. ಎರಡೇ ದಿನದಲ್ಲಿ ಈ ಬದಿಯಿಂದ ಆ ಬದಿಗೆ ಬಿರುಕು. ಗುರುವಾರ ಗಾಜಿನ ಅಂಗಡಿಗೆ ಬಿಟ್ಟೆ, ಸಂಜೆಗೆ ಹೊಸ ಗಾಜು ಹಾಕಿ ಕೊಟ್ಟರು. ಕೆಲಸ ಚೆನ್ನಾಗಿಯೇ ಮಾಡಿದ್ದರು. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಒರೆಸಿ ಅದೇ ಜಾಗದಲ್ಲಿ ಇಟ್ಟಿದ್ದರು. ಅಂಚಿನಲ್ಲಿ ಟೇಪ್ ಅಂಟಿಸಿ, ‘ಒಂದು ದಿನ ನೀರು ಹಾಕಬೇಡಿ ಸರ್’ ಅಂತ ಹೇಳಿ ಕಳಿಸಿದರು. ನಾನು ಟೇಪ್ ಕಿತ್ತೆ, ಗಾಡಿ ಒರೆಸಿದೆ, ಮರೆತೆ.

ಫಾಸ್ಟ್ಯಾಗ್ ಹಳೇ ಗಾಜಿನ ಜೊತೆಗೇ ಹೋಗಿದೆ ಅಂತ ನನ್ನ ತಲೆಗೆ ಬರಲೇ ಇಲ್ಲ. ಅದು ಇರುವುದು ಹಿಂದೆ ನೋಡುವ ಕನ್ನಡಿಯ ಬೆನ್ನಿಗೆ. ಡ್ರೈವರ್ ಸೀಟಿನಿಂದ ಕಾಣುವುದೇ ಇಲ್ಲ. ಇದ್ದರೂ ಕಾಣಲ್ಲ, ಇಲ್ಲದಿದ್ದರೂ ಕಾಣಲ್ಲ.

ಇಷ್ಟೇ ಆಗಿದ್ದರೆ ದೊಡ್ಡ ವಿಷಯ ಅಲ್ಲ. ಜೇಬಿನಲ್ಲಿ ಫೋನ್ ಇದ್ದರೆ, ಪರ್ಸ್ ಇದ್ದರೆ ಹೇಗೋ ದಾಟುತ್ತೇವೆ. ಆದರೆ ಆ ದಿನ ಎಲ್ಲವೂ ಒಟ್ಟಿಗೇ ಕೈಕೊಟ್ಟಿತು. ಮದುವೆ ಅಂತ ಪಂಚೆ ಉಟ್ಟಿದ್ದೆ. ಪಂಚೆಗೆ ಜೇಬು ಎಲ್ಲಿದೆ? ಪರ್ಸು ಮನೆಯಲ್ಲಿ ಪ್ಯಾಂಟಿನ ಒಳಗೆ ಬೆಚ್ಚಗೆ ಕೂತಿತ್ತು. (ಲೈಸೆನ್ಸೂ ಅದರೊಳಗೇ. ದಾರಿಯಲ್ಲಿ ಪೊಲೀಸರು ಅಡ್ಡ ಹಾಕದಿದ್ದದ್ದು ಅಮ್ಮನ ಪುಣ್ಯ.) ಫೋನ್ ಶರ್ಟಿನ ಜೇಬಿನಲ್ಲಿತ್ತು. ಆದರೆ ಚಾರ್ಜರ್ ವೈರು ಹೆಂಡತಿಯ ಬ್ಯಾಗಿನಲ್ಲಿ ಉಡುಪಿ ಸೇರಿಯಾಗಿತ್ತು. ಬೆಳಿಗ್ಗೆ ಹನ್ನೊಂದು ಪರ್ಸೆಂಟ್ ಇದ್ದ ಬ್ಯಾಟರಿ ಮೂಲ್ಕಿ ಬರುವಷ್ಟರಲ್ಲಿ ಮುಗಿಯಿತು. ‘ಹೋಗಲಿ ಬಿಡು, ಟ್ಯಾಗ್‌ನಲ್ಲಿ ದುಡ್ಡು ಉಂಟು’ ಅಂತ ನಾನೇ ಅಮ್ಮನಿಗೆ ಹೇಳಿದ್ದು.

ಸುರತ್ಕಲ್‌ನ ಹಳೇ ಟೋಲ್ ಜಾಗ ದಾಟುವಾಗ ಅಮ್ಮ ಎಂದಿನಂತೆ, ‘ಇದೊಂದು ತೆಗೆದದ್ದು ಒಳ್ಳೇದಾಯ್ತು’ ಅಂದಿದ್ದರು. ಅಷ್ಟು ವರ್ಷ ಹೋರಾಟ ನಡೆದು 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತದ್ದು ನಿಮಗೆ ನೆನಪಿರಬಹುದು. ಮೂಲ್ಕಿಯ ಹೊಳೆ ದಾಟಿದರೆ ಹೆಜಮಾಡಿ ಟೋಲ್. ಭಾನುವಾರ, ಮದುವೆ ಸೀಸನ್. ಎಲ್ಲ ಲೇನಿನಲ್ಲೂ ಗಾಡಿ. ನನ್ನ ಮುಂದೆ ಐದಾರು ಕಾರು, ಗೇಟಿನ ಕೋಲು ಎದ್ದ ಹಾಗೆ ಒಂದೊಂದಾಗಿ ಹೋದವು. ನನ್ನ ಸರದಿ ಬಂತು. ಕೋಲು ಏಳಲಿಲ್ಲ.

ಸ್ವಲ್ಪ ಮುಂದೆ ಹೋದೆ. ಸ್ವಲ್ಪ ಹಿಂದೆ ಬಂದೆ. ನಾವೆಲ್ಲ ಹಾಗೆ ಮಾಡುತ್ತೇವೆ ಅಲ್ವಾ, ಆ ಯಂತ್ರಕ್ಕೆ ನಮ್ಮನ್ನು ನೋಡಿದ ನೆನಪಾಗಲಿ ಅಂತ. ಒಬ್ಬ ಹುಡುಗ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಂದು ಗಾಜಿನ ಮುಂದೆ ಆಡಿಸಿದ. ಮತ್ತೆ ಆಡಿಸಿದ.

‘ಟ್ಯಾಗ್ ಎಲ್ಲಿ ಅಣ್ಣಾ?’

‘ಅಲ್ಲೇ ಕನ್ನಡಿ ಹಿಂದೆ ಉಂಟಲ್ವಾ?’

ಅವನು ಬಗ್ಗಿ ನೋಡಿದ. ‘ಇಲ್ಲಿ ಎಂತದೂ ಇಲ್ಲ.’

ನಾನು ಸೀಟಿನಿಂದ ಮುಂದೆ ಬಾಗಿ, ಕತ್ತು ತಿರುಗಿಸಿ ಕನ್ನಡಿಯ ಹಿಂದೆ ನೋಡಿದೆ. ಹೊಳೆಯುವ ಹೊಸ ಗಾಜು. ಅದರ ಆಚೆ ಆ ಹುಡುಗನ ಮುಖ. ಮಧ್ಯದಲ್ಲಿ ಏನೂ ಇಲ್ಲ. ಗುರುವಾರ, ಅಂಗಡಿ, ಟೇಪ್ ಎಲ್ಲ ಒಂದೇ ಸಲ ನೆನಪಾಗಿ ಹೊಟ್ಟೆಯೊಳಗೆ ತಣ್ಣಗಾಯಿತು.

ಹಿಂದೆ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು. ಆ ಬಸ್ಸುಗಳ ಹಾರ್ನ್ ಬಗ್ಗೆ ನಾನು ಹೇಳಬೇಕಾಗಿಲ್ಲ. ನಿಂತ ಗಾಡಿಯ ಬೆನ್ನಿಗೇ ಹಾರ್ನ್ ಹಾಕಿದರೆ ಟೋಲ್ ಕೋಲು ಹೆದರಿ ಏಳುತ್ತದೆ ಅಂತ ಆ ಡ್ರೈವರಣ್ಣನ ಲೆಕ್ಕ ಇರಬೇಕು.

ಕೌಂಟರಿನವರು ಜಗಳಕ್ಕೇನೂ ಬರಲಿಲ್ಲ. ನಿಯಮ ಹೇಳಿದರು, ಅಷ್ಟೇ. ಟ್ಯಾಗ್ ಇಲ್ಲದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು. ಈ ಒಂದೂಕಾಲಿನ ಲೆಕ್ಕ ಬಂದದ್ದು ನವೆಂಬರ್ 15ಕ್ಕೆ, ಅಂದರೆ ನಾನು ಸಿಕ್ಕಿಬೀಳುವ ಎರಡೇ ವಾರ ಮೊದಲು. ಅದಕ್ಕಿಂತ ಮುಂಚೆ, 2021ರ ಫೆಬ್ರವರಿಯಲ್ಲಿ ಎಲ್ಲ ಲೇನಿಗೂ ಫಾಸ್ಟ್ಯಾಗ್ ಕಡ್ಡಾಯ ಮಾಡಿದ ಮೇಲೆ, ಟ್ಯಾಗ್ ಇಲ್ಲದವರಿಗೆ ಡಬಲ್ಲೇ ಇದ್ದದ್ದು. ನಿಮ್ಮ ಗಾಡಿಗೆ ಟೋಲ್ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಆಗಿನ ಲೆಕ್ಕದಲ್ಲಿ ಟ್ಯಾಗ್ ಇದ್ದರೆ 100, ಫೋನಿನಿಂದ ಕೊಟ್ಟರೆ 125, ನೋಟು ಕೊಟ್ಟರೆ 200.

ನನ್ನ ಹತ್ತಿರ ನೋಟೂ ಇಲ್ಲ, ಫೋನೂ ಇಲ್ಲ. ಅಮ್ಮನದು ಬಟನ್ ಫೋನ್. ಅದರಿಂದ ಹೆಂಡತಿಗೆ ಫೋನ್ ಮಾಡಿ ‘ನೀನೇ ಇಲ್ಲಿಗೆ ದುಡ್ಡು ಕಳಿಸು’ ಅಂದೆ. ಆ ಕಡೆ ನಾಗಸ್ವರ, ಅವಳಿಗೆ ನಾನು ಹೇಳಿದ್ದರಲ್ಲಿ ‘ದುಡ್ಡು’ ಬಿಟ್ಟು ಬೇರೆ ಯಾವುದೂ ಕೇಳಿಸಲಿಲ್ಲ. ಸ್ಕ್ಯಾನರ್ ಹುಡುಗನಿಗೆ ಕೇಳಿದೆ, ‘ನಿಮ್ಮ ನಂಬರಿಗೆ ಹಾಕಿಸ್ತೇನೆ, ನೀವು ಕೌಂಟರಿಗೆ ಕ್ಯಾಶ್ ಕೊಡಿ’ ಅಂತ. ಅವನು ತಲೆ ಆಡಿಸಿದ. ‘ನಮ್ಮ ಸ್ವಂತ ಫೋನಿಗೆ ತಕೊಳ್ಲಿಕ್ಕಿಲ್ಲ ಅಣ್ಣಾ, ಕೆಲಸ ಹೋಗ್ತದೆ.’ ಸರಿಯಾಗಿಯೇ ಹೇಳಿದ. ರಿವರ್ಸ್ ಹೋಗೋಣ ಅಂದರೆ ಹಿಂದೆ ಬಸ್ಸಿನ ಮೂತಿ.

ಆಗ ಅಮ್ಮ ಸುಮ್ಮನೆ ಕೂತಿದ್ದವರು ಸೆರಗಿನ ಕೆಳಗೆ ಬ್ಯಾಗನ್ನು ಗಟ್ಟಿ ಹಿಡಿದುಕೊಂಡರು. ಯಾಕೆ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದರೊಳಗೆ ಮದುಮಕ್ಕಳಿಗೆ ಕೊಡುವ ಕವರ್ ಇತ್ತು.

‘ಅದು ಕೊಡ್ಲಿಕ್ಕೆ ಅಂತ ತೆಗೆದಿಟ್ಟದ್ದು ಮಾರಾಯಾ. ಅರಶಿನ ಮುಟ್ಟಿಸಿದ್ದೇನೆ.’

‘ಅಮ್ಮಾ, ಹಿಂದೆ ಬಸ್ಸು ನೋಡಿ.’

ಬಸ್ಸು ಇನ್ನೊಮ್ಮೆ ಹಾರ್ನ್ ಹಾಕಿತು. ಅಮ್ಮ ಕವರ್ ತೆಗೆದರು. ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಕೆಂಪು ಕವರು, ಹಿಂದೆ ನನ್ನ ಕೈಬರಹದಲ್ಲಿ ನಮ್ಮ ಮನೆಯವರ ಹೆಸರು. ಅಂಟು ಗಟ್ಟಿ ಇತ್ತು. ಬಿಡಿಸಲಿಕ್ಕೆ ಹೋಗಿ ನನ್ನ ಹೆಸರಿನ ಮೇಲೇ ಹರಿಯಿತು. ಒಳಗೆ ಗರಿಗರಿ ಐನೂರರ ಒಂದು ನೋಟು, ಮೂಲೆಯಲ್ಲಿ ಅರಶಿನದ ಬೊಟ್ಟು. ಕೌಂಟರಿನವರು ಆ ಬೊಟ್ಟನ್ನು ಒಮ್ಮೆ ನೋಡಿದರು, ನನ್ನ ಪಂಚೆಯನ್ನು ಒಮ್ಮೆ ನೋಡಿದರು, ಏನೂ ಹೇಳದೆ ಚಿಲ್ಲರೆ ಮತ್ತು ರಸೀದಿ ಕೊಟ್ಟರು. ಪಡುಬಿದ್ರಿ ದಾಟುವ ತನಕ ಅಮ್ಮ ಮಾತಾಡಲಿಲ್ಲ.

ಮುಹೂರ್ತ ಸಿಕ್ಕಿತು. ಐನೂರು ರೂಪಾಯಿ ಭಾವನ ಹತ್ತಿರ ಸಾಲ ತೆಗೆದು, ಹಾಲ್‌ನ ಹೊರಗಿನ ಅಂಗಡಿಯಲ್ಲಿ ಬೇರೆ ಕವರ್ ತಗೊಂಡು ಕೊಟ್ಟೆವು. ಸಂಜೆ ವಾಪಸ್ ಬರುವಾಗ ಹೆಂಡತಿಯ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಒಂದೂಕಾಲು ಪಟ್ಟು ಕಟ್ಟಿದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಇನ್ನೂ ಉರಿಯಿತು. ಟ್ಯಾಗ್ ಇದ್ದಿದ್ದರೆ 24 ಗಂಟೆಯೊಳಗೆ ಹೋಗಿ ಬಂದದ್ದಕ್ಕೆ ಎರಡೂ ಸೇರಿ ಒಂದೂವರೆ ಪಟ್ಟು ಮಾತ್ರ. ಅದೇ ನೂರರ ಲೆಕ್ಕದಲ್ಲಿ 150. ನಾನು ಕೊಟ್ಟದ್ದು 325ರ ಹಾಗೆ. ಖಾತೆಯಲ್ಲಿ ಆರುನೂರು ಚಿಲ್ಲರೆ ಇಟ್ಟುಕೊಂಡು!

ಇದನ್ನು ಓದಿ ‘ಸರ್, ಯಂತ್ರ ಓದದಿದ್ದರೆ ಫ್ರೀ ಬಿಡಬೇಕಲ್ವಾ’ ಅಂತ ಯಾರಾದರೂ ಕೇಳುತ್ತೀರಿ, ಆಫೀಸಿನಲ್ಲೂ ಕೇಳಿದರು. ಆ ನಿಯಮ ಇರುವುದು ನಿಜ. ಗಾಜಿನ ಮೇಲೆ ಸರಿಯಾದ ಟ್ಯಾಗ್ ಇದ್ದು, ಅದರಲ್ಲಿ ದುಡ್ಡೂ ಇದ್ದು, ಟೋಲಿನವರ ಯಂತ್ರ ಕೆಟ್ಟಿದ್ದರೆ ಹಣ ತೆಗೆದುಕೊಳ್ಳದೆ ಬಿಡಬೇಕು, ಸೊನ್ನೆ ರೂಪಾಯಿಯ ರಸೀದಿ ಕೊಡಬೇಕು. ಅಂಥ ಸಂದರ್ಭದಲ್ಲಿ ಡಬಲ್ ಕೇಳಿದರೆ ಬಿಡಬೇಡಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಆದರೆ ಟ್ಯಾಗೇ ಇಲ್ಲದವನಿಗೆ ಆ ನಿಯಮ ಹಿಡಿದು ಜಗಳ ಮಾಡಲು ಮುಖ ಎಲ್ಲಿದೆ?

ಇನ್ನೊಂದು, ‘ಟೋಲಿಗೆ ಒಂದು ಗಂಟೆ ಮೊದಲೇ ರೀಚಾರ್ಜ್ ಮಾಡದಿದ್ದರೆ ಡಬಲ್’ ಅಂತ 2025ರ ಫೆಬ್ರವರಿಯಿಂದ ವಾಟ್ಸಾಪಿನಲ್ಲಿ ಓಡಾಡುವ ಮೆಸೇಜು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಗೇಟು ದಾಟುವ ಮುಂಚೆ ಯಾವಾಗ ಬೇಕಾದರೂ ರೀಚಾರ್ಜ್ ಮಾಡಬಹುದು ಅಂತ ಹೆದ್ದಾರಿ ಪ್ರಾಧಿಕಾರವೇ ಆಗ ಹೇಳಿತ್ತು. ಅದಕ್ಕೆ ಜೀವ ಇರುವ ಫೋನ್ ಬೇಕು, ಅಷ್ಟೇ.

ಭಾವನಿಗೆ ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ಇದೆ. 2025ರ ಆಗಸ್ಟ್ 15ಕ್ಕೆ ಶುರುವಾದದ್ದು, ಆಗ 3000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ. ‘ನನಗೆ ಈ ತಲೆಬಿಸಿ ಇಲ್ಲ’ ಅಂತ ಮದುವೆ ಊಟದಲ್ಲಿ ಹೋಳಿಗೆ ಮುರಿಯುತ್ತಾ ಹೇಳಿದರು. ಆ ಪಾಸ್ ಕೂತಿರುವುದೂ ಗಾಜಿನ ಮೇಲಿನ ಅದೇ ಟ್ಯಾಗಿನಲ್ಲಿ ಭಾವಾ, ಗಾಜು ಹೋದರೆ ನಿಮ್ಮದೂ ನನ್ನದೇ ಕಥೆ ಅಂದೆ. ಹೋಳಿಗೆ ಕೈಯಲ್ಲೇ ನಿಂತಿತು.

ಸೋಮವಾರ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿ ಹಳೇ ಟ್ಯಾಗ್ ಬ್ಲಾಕ್ ಮಾಡಿಸಿದೆ. ಇದನ್ನು ಮರೆಯಬೇಡಿ, ಆ ಟ್ಯಾಗ್ ಎಲ್ಲಿ ಬಿದ್ದಿದ್ದರೂ ಅದರ ಹಿಂದೆ ನಿಮ್ಮ ದುಡ್ಡಿದೆ. ಆರ್‌ಸಿ, ಗಾಡಿಯ ಮುಂಭಾಗದ ಫೋಟೋ ಕೊಟ್ಟ ಮೇಲೆ ಹೊಸ ಟ್ಯಾಗ್ ಬಂತು, ಹಳೇ ಬ್ಯಾಲೆನ್ಸ್ ಅದಕ್ಕೇ ಸೇರಿತು. ಬರುವ ತನಕ ನಾಲ್ಕು ದಿನ ಹೆದ್ದಾರಿ ಕಡೆ ತಲೆ ಹಾಕಲಿಲ್ಲ. ಬಂದದ್ದನ್ನು ಗಾಜಿಗೇ ಅಂಟಿಸಿದೆ. ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವವರ ಟ್ಯಾಗನ್ನು ಕಪ್ಪುಪಟ್ಟಿಗೆ ಹಾಕುತ್ತೇವೆ ಅಂತ 2025ರ ಜುಲೈಯಲ್ಲೇ ಪ್ರಾಧಿಕಾರ ಹೇಳಿದೆ. ಈಗ ಆರ್‌ಸಿ ಕಾರ್ಡಿನ ಕವರಿನೊಳಗೆ ಐನೂರರ ಒಂದು ನೋಟು ಮಡಚಿ ಇಟ್ಟಿದ್ದೇನೆ. ಚಾರ್ಜರ್ ವೈರು ಒಂದು ಕಾರಿಗೇ ಅಂತ ಇದೆ, ಅದನ್ನು ಮುಟ್ಟಿದರೆ ಮನೆಯಲ್ಲಿ ಯುದ್ಧ.

ಆದರೂ ಹಳೇ ಟ್ಯಾಗ್ ಏನಾಯಿತು ಅಂತ ಕುತೂಹಲ. ಶನಿವಾರ ಗಾಜಿನ ಅಂಗಡಿಗೆ ಹೋದೆ. ಅಂಗಡಿಯ ಹಿಂದೆ ಶೀಟಿನ ಮಾಡಿನ ಕೆಳಗೆ ಒಡೆದ ಗಾಜುಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ನನ್ನದು ಸಿಕ್ಕಿತು, ಬಿರುಕಿನಿಂದ ಗುರುತು ಹಿಡಿದೆ. ಟ್ಯಾಗ್ ಹಾಗೇ ಇತ್ತು. ಉಗುರಿನಿಂದ ಎಬ್ಬಿಸಿ ನೋಡಿದೆ. ಪದರ ಪದರವಾಗಿ ಕಿತ್ತು ಬಂತು, ಒಳಗಿನ ಬೆಳ್ಳಿ ಬಣ್ಣದ ತೆಳು ಗೆರೆ ನಡುವೆಯೇ ತುಂಡಾಯಿತು. ಅದೇ ಅದರ ಆಂಟೆನಾ. ಅಂದರೆ ಗಾಜು ತೆಗೆಯುವ ಮುಂಚೆ ಕಿತ್ತು ಸೆಲ್ಲೋಟೇಪ್ ಹಾಕಿ ಹೊಸದಕ್ಕೆ ಅಂಟಿಸಿದರೂ ಕೆಲಸಕ್ಕೆ ಬರುತ್ತಿರಲಿಲ್ಲ. ಗಾಜು ಕೊಡುವ ದಿನವೇ ಬ್ಯಾಂಕಿಗೆ ಹೇಳುವುದೊಂದೇ ದಾರಿ.

ಅಂಗಡಿಯವರನ್ನು ಕೇಳಿದೆ, ‘ನೀವು ಒಂದು ಮಾತು ಹೇಳಬಹುದಿತ್ತಲ್ವಾ?’ ಅಂತ. ‘ಎಲ್ಲರಿಗೂ ಗೊತ್ತಿರ್ತದೆ ಅಂದ್ಕೊಳ್ತೇವೆ ಸರ್’ ಅಂದರು.

ಆ ರಾಶಿಯಲ್ಲಿ ಟ್ಯಾಗ್ ಸಮೇತ ಇನ್ನೂ ಮೂರು ಗಾಜು ಇದ್ದವು. ಒಂದರ ಟ್ಯಾಗಿನ ಮೇಲೆ ಪೆನ್ನಿನಲ್ಲಿ ಗಾಡಿ ನಂಬರ್ ಬರೆದಿತ್ತು, ಕೆಎ 20, ಮುಂದಿನದು ಮಾಸಿ ಹೋಗಿದೆ. ಉಡುಪಿಯವರೇ, ಇತ್ತೀಚೆಗೆ ಮಂಗಳೂರಿನಲ್ಲಿ ಗಾಜು ಹಾಕಿಸಿಕೊಂಡು ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಟ್ಯಾಗ್ ಪಡೀಲ್ ಕಡೆ ಒಂದು ಗೋಡೆಗೆ ಒರಗಿಕೊಂಡಿದೆ.