ಮಲೆನಾಡಿನ ಮಳೆಗಾಲಕ್ಕೆ ಯಾವ ಬಣ್ಣ? ಪುಟ್ಟ ಮಕ್ಕಳ ಕೈಗೆ ಆಯಿಲ್ ಪೇಸ್ಟಲ್

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವವರು ಜೂನ್‌ನಲ್ಲಿ ಒಂದೇ ಬಗೆಯ ಬಣ್ಣ ಕೊಳ್ಳುವುದಾದರೆ ಅದು 12 ಶೇಡಿನ ಆಯಿಲ್ ಪೇಸ್ಟಲ್ ಆಗಿರಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ, ಪೋಸ್ಟರ್ ಕಲರ್ ದಪ್ಪಗೆ ಬಳಿದ ಹಾಳೆ ಶಾಲೆ ಬಿಡುವ ಹೊತ್ತಿಗೂ ಪೂರ್ತಿ ಒಣಗುವುದಿಲ್ಲ. ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತದೆ. ಮುಚ್ಚಳ ಸರಿಯಾಗಿ ಕೂರದ ಬಾಟಲಿಯೊಳಗೆ ಬೂಷ್ಟು ಬೇರೆ. ಮೇಣದ ಕ್ರೇಯಾನ್‌ಗೆ ಈ ತೊಂದರೆಗಳಿಲ್ಲ, ಆದರೆ ಅದು ಗಟ್ಟಿ. ಆರು ವರ್ಷದ ಮಗು ಎಷ್ಟು ಒತ್ತಿದರೂ ಬಣ್ಣ ತೆಳುವಾಗೇ ಬೀಳುತ್ತದೆ, ಅರ್ಧ ಆಕಾಶ ತುಂಬುವಷ್ಟರಲ್ಲಿ ಕೈ ಸೋಲುತ್ತದೆ. ಪೇಸ್ಟಲ್‌ನಲ್ಲಿ ಮೇಣದ ಜೊತೆ ಒಣಗದ ಎಣ್ಣೆಯೂ ಇರುವುದರಿಂದ ಮೆದು. ಥಂಡಿ ಹಿಡಿದ ಹಾಳೆಯ ಮೇಲೂ ಗಾಢವಾಗಿ ಕೂರುತ್ತದೆ.

ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರಿನ ಸ್ಟೇಷನರಿ ಅಂಗಡಿಗಳಲ್ಲಿ 12, 25, 50 ಶೇಡಿನ ಡಬ್ಬಿಗಳು ಸಿಗುತ್ತವೆ. ದೊಡ್ಡ ಡಬ್ಬಿಗೆ ಮನಸೋಲಬೇಡಿ. ಹಳದಿಯ ಮೇಲೆ ನೀಲಿ ಉಜ್ಜಿ ಹಸಿರು ಬರುವುದನ್ನು ಮಗು ತಾನೇ ಕಾಣಬೇಕು. 50 ಶೇಡು ಕೈಗೆ ಕೊಟ್ಟರೆ ಆ ಕಲಿಕೆಯೇ ತಪ್ಪಿಹೋಗುತ್ತದೆ. ನೋಡಬೇಕಾದದ್ದು ಕಡ್ಡಿಯ ದಪ್ಪ. ಮಗುವಿನ ಕಿರುಬೆರಳಿಗಿಂತ ಸಣ್ಣಗಿದ್ದರೆ ಪಟಪಟನೆ ಮುರಿಯುತ್ತದೆ. ನಾನ್-ಟಾಕ್ಸಿಕ್ ಎಂದು ಬರೆದಿರದ ಡಬ್ಬಿ ಬೇಡವೇ ಬೇಡ.

ಮೊದಲ ಪಾಠಕ್ಕೆ ಅಡಿಕೆ ಮರ ಚೆನ್ನಾಗಿ ಒಗ್ಗುತ್ತದೆ. ಬೂದು ಅಥವಾ ಕಂದು ಕಡ್ಡಿಯ ಸುತ್ತಿನ ಕಾಗದ ಬಿಚ್ಚಿ, ಎರಡು ಸೆಂಟಿಮೀಟರಿನಷ್ಟು ತುಂಡು ಮುರಿದು ಹಾಳೆಯ ಮೇಲೆ ಅಡ್ಡ ಮಲಗಿಸಿ. ಮೇಲಿನಿಂದ ಕೆಳಕ್ಕೆ ಒಂದೇ ಎಳೆತ, ಮರ ನಿಂತಿತು. ತುದಿಗೆ ಸ್ವಲ್ಪ ಹಸಿರು ಉಜ್ಜಿಸಿ, ಎಳೆಯ ಭಾಗ ಹಸಿರೇ ಅಲ್ಲವೇ. ಆಮೇಲೆ ತೆಂಗಿನ ಕಡ್ಡಿಯಿಂದ ಅಡ್ಡಡ್ಡ ಗೀರಿದರೆ ಬಣ್ಣ ಎದ್ದು ಬಂದು ಉಂಗುರಗಳು ಮೂಡುತ್ತವೆ. ಮರದಲ್ಲಿ ಸೋಗೆಯ ಬುಡದ ಅಡಿಕೆ ಹಾಳೆ ಕಳಚಿದ ಕಡೆಯೆಲ್ಲ ಉಂಗುರದ ಗುರುತು ಉಳಿಯುತ್ತದೆಂದು ಆಗಲೇ ಹೇಳಿಬಿಡಿ, ತೋಟದ ಮಕ್ಕಳು ತಾವೇ ಮುಂದುವರಿಸುತ್ತಾರೆ.

ಎರಡನೆಯದು ಮಳೆಯದೇ ಚಿತ್ರ. ಪೇಸ್ಟಲ್ ಮೇಲೆ ನೀರು ನಿಲ್ಲುವುದಿಲ್ಲ ಎಂಬ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಳಿ ಪೇಸ್ಟಲ್‌ನಿಂದ ಓರೆ ಗೆರೆ ಎಳೆಸಿ, ಮೇಲೆ ನೀಲಿ ವಾಟರ್ ಕಲರ್ ಕೇಕಿನ ತೆಳು ನೀರನ್ನು ಅರ್ಧ ಇಂಚಿನ ಚಪ್ಪಟೆ ಬ್ರಷ್‌ನಿಂದ ಎಡದಿಂದ ಬಲಕ್ಕೆ ಒಮ್ಮೆ ಮಾತ್ರ ಎಳೆದರೆ, ಕಾಣದಿದ್ದ ಮಳೆ ಕಾಣಿಸಿಕೊಳ್ಳುತ್ತದೆ. ಗೆರೆ ಮೂಡದಿದ್ದರೆ ಕಾರಣ ಎರಡೇ: ಒತ್ತಿ ಎಳೆದಿಲ್ಲ, ಇಲ್ಲವೇ ಬಣ್ಣ ಗಟ್ಟಿಯಾಯಿತು. ಬಿಳಿ ಹಾಳೆಯ ಮೇಲೆ ಬಿಳಿ ಗೆರೆ ಕಾಣದೆ ಮಕ್ಕಳು ಗೊಂದಲಪಡುತ್ತಾರೆ. ಮೊದಲ ಸಲ ತಿಳಿ ಹಳದಿ ಕೊಡಿ. ಇದಕ್ಕೆ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಹಾಳೆ ಬೇಕು, ಮಾಮೂಲಿ ಡ್ರಾಯಿಂಗ್ ಪುಸ್ತಕದ ಹಾಳೆ ಅಲೆಅಲೆಯಾಗಿ ಸುರುಟುತ್ತದೆ. ಬರೀ ಪೇಸ್ಟಲ್‌ಗಾದರೆ 140 ಸಾಕು.

ಕೊರತೆಗಳೂ ಇವೆ. ಈ ಬಣ್ಣ ಪೂರ್ತಿ ಒಣಗುವುದೇ ಇಲ್ಲ, ಕೈ ತಾಗಿದರೆ ಹರಡುತ್ತದೆ. ಚಿತ್ರಗಳ ನಡುವೆ ಬಟರ್ ಪೇಪರ್ ಇಡಿ. ನ್ಯೂಸ್‌ಪೇಪರ್ ಇಟ್ಟರೆ ಅದರ ಶಾಯಿ ಚಿತ್ರಕ್ಕೆ ಹತ್ತುತ್ತದೆ. ಪೇಸ್ಟಲ್ ಬಳಿದ ಮೇಲೆ ಪೆನ್ಸಿಲ್ ಹಿಡಿಯದು, ಹಾಗಾಗಿ ಹೆಸರನ್ನು ಮೊದಲೇ ಹಿಂಬದಿಯಲ್ಲಿ ಬರೆಸಬೇಕು. ಕಪ್ಪು ಮುಟ್ಟಿದ ಹಳದಿ ಕಡ್ಡಿ ಮುಂದಿನ ಚಿತ್ರವನ್ನೆಲ್ಲ ಕೊಳೆ ಮಾಡುತ್ತದೆ. ತಿಳಿ ಬಣ್ಣ ಮೊದಲು, ಕಪ್ಪು ಕೊನೆಗೆ. ಪ್ರತಿ ಜೋಡಿಗೂ ಕಡ್ಡಿ ಒರೆಸಲು ಹಳೇ ಪಂಚೆಯ ಒಂದು ತುಂಡು ಕೊಟ್ಟಿರಿ. ಕೈಗೆ ಹತ್ತಿದ್ದು ನೀರಿಗೆ ಜಗ್ಗುವುದಿಲ್ಲ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪು.

30 ಮಕ್ಕಳಿಗೆ 15 ಡಬ್ಬಿ ಸಾಕು, ಇಬ್ಬರಿಗೊಂದು. ನಮ್ಮ ಕಡೆ ಎಲ್ಲ ಚಿತ್ರದಲ್ಲೂ ಗುಡ್ಡ, ತೋಟ, ಗದ್ದೆ ಇರುವುದರಿಂದ ಹಸಿರು ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಎರಡು ಡಬ್ಬಿ ಹೆಚ್ಚಿಗೆ ತಂದಿಟ್ಟುಕೊಳ್ಳಿ.